ಹಸಿರು ಪಾಚಿಗಳ ಕೋಶಭಿತ್ತಿ: ವೈವಿಧ್ಯ ಮತ್ತು ವಿಕಾಸ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದಂಥ ಮಲೆನಾಡಿನಲ್ಲಿ ಮರದ ತೊಗಟೆಗೆ ಕೆಮ್ಮಣ್ಣು ಬಳಿದಂತೆ ಹಬ್ಬುವ ಟ್ರೆಂಟೆಪೋಲಿಯಾ ಹಸಿರು ಪಾಚಿಯೇ. ಕಿತ್ತಳೆಗೆಂಪು ಬಣ್ಣ ಕೆರೋಟಿನಾಯ್ಡ್‌ಗಳದ್ದು. ಬಣ್ಣ ನೋಡಿ ಕೆಂಪು ಪಾಚಿ ಎಂದು ಗುರುತು ಹಾಕಿದರೆ ಪರೀಕ್ಷೆಯಲ್ಲಿ ಅಂಕ ಹೋಯಿತು.

ಟ್ರೆಂಟೆಪೋಲಿಯಾದ ಕೋಶಭಿತ್ತಿಯಲ್ಲಿ ಸೆಲ್ಯುಲೋಸ್ ಇದೆ. ಎಲ್ಲ ಹಸಿರು ಪಾಚಿಗಳಲ್ಲೂ ಹಾಗಿಲ್ಲ: ಕ್ಲಾಮಿಡೊಮೊನಾಸ್‌ನದು ಗ್ಲೈಕೊಪ್ರೋಟೀನ್ ಭಿತ್ತಿ, ಕಡಲಿನ ಕೋಡಿಯಂನಲ್ಲಿ ಮ್ಯಾನನ್, ಕಾಲರ್ಪಾದಲ್ಲಿ ಝೈಲನ್.

ವಿಕಾಸದ ಪ್ರಶ್ನೆಗೆ ಸಿಹಿನೀರಿನ ಸ್ಪೈರೊಗೈರಾವನ್ನು ಚೆನ್ನಾಗಿ ಓದಿಕೊಳ್ಳಿ. ಮುಟ್ಟಿದರೆ ಜಾರುವುದು ಹೊರಗಿನ ಪೆಕ್ಟಿನ್‌ಯುಕ್ತ ಲೋಳೆಯಿಂದ, ಒಳಗೆ ಸೆಲ್ಯುಲೋಸ್. ಇದೂ ಕಾರಾವೂ ಸೇರಿದ ಸ್ಟ್ರೆಪ್ಟೊಫೈಟಾ ಕವಲಿನಿಂದಲೇ ನೆಲಸಸ್ಯಗಳು ಹುಟ್ಟಿದವು. ಅಡಿಕೆ, ಏಲಕ್ಕಿಯ ಕೋಶಭಿತ್ತಿಯ ಮೂಲ ಸಾಮಗ್ರಿ, ಸಸ್ಯಗಳು ನೆಲ ಹತ್ತುವ ಮೊದಲೇ, ಅಂದರೆ 45 ಕೋಟಿಗೂ ಹೆಚ್ಚು ವರ್ಷಗಳ ಹಿಂದೆಯೇ, ಪಾಚಿಗಳಲ್ಲಿ ಸಿದ್ಧವಾಗಿತ್ತು.