ಗಾಜಿನ ತೊಟ್ಟಿಯಲ್ಲಿ ಕಡಲ ಸಿಗಡಿ

ನಮ್ಮಲ್ಲಿ ಹೆಚ್ಚಿನವರಿಗೆ ಸಿಗಡಿಯ ಪರಿಚಯ ಇರುವುದು ಮೀನಿನ ಬುಟ್ಟಿಯಲ್ಲಿ, ಇಲ್ಲವೆ ಊಟದ ಬಟ್ಟಲಲ್ಲಿ. ತುಳು ಮಾತನಾಡುವ ಮನೆಗಳಲ್ಲಿ ಅದು ಎಟ್ಟಿ, ಮಲಯಾಳದ ಮನೆಗಳಲ್ಲಿ ಚೆಮ್ಮೀನ್. ಮೀನು ಮುಟ್ಟದ ಮನೆಗಳಿಂದ ಬರುವವರಿಗೆ ಆ ಪರಿಚಯವೂ ಇಲ್ಲ. ಕಡಲಿಗೆ ಇಷ್ಟು ಹತ್ತಿರದಲ್ಲಿದ್ದೂ ಸಿಗಡಿ ಹೇಗೆ ನಡೆಯುತ್ತದೆ, ಹೇಗೆ ತಿನ್ನುತ್ತದೆ ಎಂಬುದನ್ನು ನೋಡದಿರುವುದು ಸರಿಯಲ್ಲವೆಂದು ವಿಜ್ಞಾನ ಸಂಘದವರಾದ ನಾವು ನವೆಂಬರ್ ತಿಂಗಳಲ್ಲಿ ಈ ಕೆಲಸಕ್ಕೆ ಕೈಹಾಕಿದೆವು. ಮಳೆಗಾಲದಲ್ಲಿ ಅಳಿವೆಯ ನೀರು ಬಹುಮಟ್ಟಿಗೆ ಸಿಹಿಯಾಗಿಬಿಡುವುದರಿಂದ ಅಲ್ಲಿಯವರೆಗೆ ಕಾಯಬೇಕಾಯಿತು.

60 ಸೆಂಟಿಮೀಟರ್ ಉದ್ದ, 30 ಅಗಲ, 30 ಎತ್ತರದ ಗಾಜಿನ ತೊಟ್ಟಿ ನಮ್ಮದು. 25 ಸೆಂಟಿಮೀಟರ್ ಎತ್ತರಕ್ಕೆ ನೀರು ತುಂಬಿದರೆ 45 ಲೀಟರ್ ಹಿಡಿಯುತ್ತದೆ. ಕಡಲಲ್ಲಿ ಹುಟ್ಟುವ ಸಿಗಡಿಯ ಮರಿಗಳು ಅಳಿವೆಗೆ ಬಂದು ಬೆಳೆದು, ಮತ್ತೆ ಕಡಲಿಗೆ ಮರಳುತ್ತವೆ. ಚಂದ್ರಗಿರಿ ಹೊಳೆ ಕಡಲು ಸೇರುವಲ್ಲಿ, ಉಬ್ಬರದ ಹೊತ್ತಿಗೆ, ನಮ್ಮ ಸಹಪಾಠಿಯೊಬ್ಬನ ಅಜ್ಜ ಬೆರಳುದ್ದದ ಹನ್ನೆರಡು ಸಿಗಡಿಗಳನ್ನು ಹಿಡಿದುಕೊಟ್ಟರು. ನೀರನ್ನೂ ಅಲ್ಲಿಂದಲೇ ಹೊತ್ತು ತಂದೆವು. ಮರುದಿನ ಬೆಳಿಗ್ಗೆ ಪ್ರಯೋಗಶಾಲೆಯ ಬಾಗಿಲು ತೆರೆದಾಗ ಹನ್ನೆರಡೂ ಸತ್ತು ಬಿದ್ದಿದ್ದವು.

ಕಾರಣ ಹೇಳಿದವರು ಅಡಿಕೆ ತೋಟದ ಕೃಷಿಕರಾದ ಒಬ್ಬ ವಿದ್ಯಾರ್ಥಿನಿಯ ತಂದೆ. “ನೀರು ತಂದದ್ದು ಯಾವುದರಲ್ಲಿ ಮಕ್ಕಳೇ?” ಎಂದು ಕೇಳಿದರು. ತಾಮ್ರದ ಕೊಡಪಾನದಲ್ಲಿ ಎಂದೆವು. ಅದೂ ಹಿಂದಿನ ಸಂಜೆಯೇ ತುಂಬಿಸಿ, ರಾತ್ರಿಯಿಡೀ ಅದರಲ್ಲೇ ಇಟ್ಟಿದ್ದೆವು. “ಕೊಳೆರೋಗಕ್ಕೆ ಮೈಲುತುತ್ತು ಬಿಟ್ಟ ಡ್ರಮ್ಮನ್ನು ತೋಡಿನಲ್ಲಿ ತೊಳೆದರೆ ಅಲ್ಲಿಯ ಸಿಗಡಿ ಉಳಿಯುವುದಿಲ್ಲ. ಮೈಲುತುತ್ತು ಎಂದರೆ ತಾಮ್ರವೇ ಅಲ್ಲವೇ ಮಾಸ್ಟ್ರೇ?” ಎಂದು ಅವರು ನಮ್ಮ ವಿಜ್ಞಾನದ ಮಾಸ್ಟ್ರ ಕಡೆ ತಿರುಗಿದರು. ಮಾಸ್ಟ್ರು ಹೌದೆಂದು ತಲೆಯಾಡಿಸಿದರು.

ಇಲ್ಲೊಂದು ಸೋಜಿಗವಿದೆ. ನಮ್ಮ ರಕ್ತದ ಹೀಮೋಗ್ಲೋಬಿನ್ನಿನಲ್ಲಿ ಕಬ್ಬಿಣವಿರುವಂತೆ ಸಿಗಡಿಯ ರಕ್ತದಲ್ಲಿ ಆಮ್ಲಜನಕವನ್ನು ಹೊರುವ ಹೀಮೋಸಯಾನಿನ್ನಿನಲ್ಲಿ ತಾಮ್ರವಿದೆ. ಆಮ್ಲಜನಕ ಸೇರಿದಾಗ ಅದು ನೀಲಿಯಾಗುತ್ತದೆ. ಬದುಕಲು ಅದಕ್ಕೆ ತಾಮ್ರ ಬೇಕು. ಆದರೆ ನೀರಿನಲ್ಲಿ ಕರಗಿದ ತಾಮ್ರ ತುಸು ಹೆಚ್ಚಾದರೂ ಕಿವಿರುಗಳು ಕೆಟ್ಟು ಸಾಯುತ್ತದೆ. ಉಪ್ಪುನೀರು ತಾಮ್ರವನ್ನು ತಿನ್ನುತ್ತದೆಂಬುದನ್ನು ಪುಸ್ತಕದಲ್ಲಿ ಓದಿದ್ದ ನಾವೇ ಅದನ್ನು ಮರೆತಿದ್ದೆವು. ಆಮೇಲೆ ಪ್ಲಾಸ್ಟಿಕ್ ಬಾಲ್ದಿಯಲ್ಲದೆ ಬೇರೆ ಪಾತ್ರೆ ಬಳಸಿಲ್ಲ. ತೋಟದ ಮದ್ದು ಮುಟ್ಟಿದ ಕೈಯನ್ನು ತೊಳೆಯದೆ ತೊಟ್ಟಿಗೆ ಹಾಕುವಂತಿಲ್ಲ.

ಎರಡನೆಯ ಸಲ ಎಂಟು ಸಿಗಡಿ ತಂದೆವು. ಅವನ್ನು ಕೊಂದದ್ದು ನಮ್ಮ ಪ್ರೀತಿ. ಮಧ್ಯಾಹ್ನದ ಬಿಡುವಿನಲ್ಲಿ ಬಂದವರೆಲ್ಲ ಒಣಮೀನಿನ ಚೂರು, ಅನ್ನದ ಅಗುಳು, ಅವಲಕ್ಕಿ ಎಂದು ಒಂದೊಂದು ಚಿಟಿಕೆ ಹಾಕಿ ಪುಣ್ಯ ಕಟ್ಟಿಕೊಂಡರು. ಮೂರನೆಯ ದಿನಕ್ಕೆ ನೀರು ಮಬ್ಬಾಯಿತು, ಆರನೆಯ ದಿನಕ್ಕೆ ಒಂದೂ ಉಳಿಯಲಿಲ್ಲ. ಕೊಳೆತ ಆಹಾರದಿಂದಲೂ ಸಿಗಡಿಯ ವಿಸರ್ಜನೆಯಿಂದಲೂ ನೀರಿನಲ್ಲಿ ಅಮೋನಿಯಾ ಸೇರುತ್ತದೆ, ಅದು ವಿಷ. ಕಡಲಿನಲ್ಲಿ ಇದನ್ನು ಒಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟ್ ಆಗಿಯೂ, ಇನ್ನೊಂದು ಬಗೆಯದು ಅದನ್ನು ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ನೈಟ್ರೇಟಿನಿಂದ ಅಷ್ಟು ಭಯವಿಲ್ಲ. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾಗಳು ಸಾಕಷ್ಟು ಇರುವುದಿಲ್ಲ. ಅವು ಮರಳಿನ ಮೇಲೆ, ಕಲ್ಲಿನ ಮೇಲೆ ನೆಲೆಯೂರಿ ಹೆಚ್ಚಲು ನಾಲ್ಕರಿಂದ ಆರು ವಾರ ಬೇಕು.

ಆದುದರಿಂದ ನಾವು ಅಳಿವೆಯ ಮರಳನ್ನೂ ಚಿಪ್ಪಿನ ಚೂರುಗಳನ್ನೂ ತಳದಲ್ಲಿ ಹಾಸಿ, ಗಾಳಿಯ ಪಂಪು ಓಡಿಸುತ್ತಾ, ಕಡಲೆಕಾಳಿನಷ್ಟು ಮೀನಿನ ಮಾಂಸವನ್ನು ನೀರಿಗೆ ಹಾಕಿ ಸುಮ್ಮನೆ ಕಾದೆವು. ಬರಿಯ ನೀರನ್ನು ಐದು ವಾರ ನೋಡುತ್ತಿದ್ದ ನಮ್ಮನ್ನು ಕೆಳಗಿನ ತರಗತಿಯವರು ಗೇಲಿಮಾಡಿದರು. ಮಾಡಲಿ.

ಜನವರಿಯಲ್ಲಿ ಐದೇ ಸಿಗಡಿ ತಂದೆವು. ಬಾಲ್ದಿಯಿಂದ ನೇರ ತೊಟ್ಟಿಗೆ ಸುರಿಯದೆ, ಬಾಲ್ದಿಗೆ ತೊಟ್ಟಿಯ ನೀರನ್ನು ಸಣ್ಣ ಲೋಟದಲ್ಲಿ ಸ್ವಲ್ಪ ಸ್ವಲ್ಪವಾಗಿ ಎರಡು ಗಂಟೆ ಬೆರೆಸಿ, ಆಮೇಲೆ ಬಿಟ್ಟೆವು. ಉಪ್ಪಿನ ಅಂಶದಲ್ಲಿ ಒಮ್ಮೆಲೇ ಆಗುವ ಬದಲಾವಣೆಯನ್ನು ಅವು ತಾಳವು.

ಉಪ್ಪಿನ ಲೆಕ್ಕವನ್ನು ತುಸು ವಿವರವಾಗಿ ಹೇಳಬೇಕು, ಇಲ್ಲಿ ಎಲ್ಲರೂ ಎಡವುತ್ತಾರೆ. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಅಳಿವೆಯ ನೀರಿನಲ್ಲಿ ಕಡಿಮೆ. ಆದರೂ ಲೆಕ್ಕಕ್ಕೆ 35 ಎಂದೇ ಹಿಡಿಯೋಣ. 45 ಲೀಟರಿನಲ್ಲಿ 1,575 ಗ್ರಾಂ ಉಪ್ಪಾಯಿತು. ಬಿಸಿಲ ದಿನಗಳಲ್ಲಿ 5 ಲೀಟರ್ ಆವಿಯಾಯಿತೆನ್ನಿ. ಹೋದದ್ದು ನೀರು ಮಾತ್ರ, ಉಪ್ಪೆಲ್ಲ ಅಲ್ಲೇ ಇದೆ. 1,575 ಗ್ರಾಮನ್ನು 40 ಲೀಟರಿನಿಂದ ಭಾಗಿಸಿ ನೋಡಿ, ಲೀಟರಿಗೆ 39 ಗ್ರಾಮಿಗಿಂತ ಮೇಲಾಯಿತು. ಕಡಿಮೆಯಾದ ಜಾಗಕ್ಕೆ ಮತ್ತೆ ಕಡಲ ನೀರನ್ನೇ ತುಂಬಿದರೆ ತೊಟ್ಟಿಯಲ್ಲಿರುವ ಒಟ್ಟು ಉಪ್ಪು ಇನ್ನೂ ಏರುತ್ತದೆ. ಹಾಗಾಗಿ ಆವಿಯಾದಷ್ಟಕ್ಕೆ ಸಿಹಿನೀರನ್ನೇ ಹಾಕಬೇಕು. ನಾವು ಗಾಜಿನ ಮೇಲೆ ಗೆರೆ ಎಳೆದು, ದಿನವೂ ಬೆಳಿಗ್ಗೆ ಬಾವಿಯ ನೀರನ್ನು ಆ ಗೆರೆಗೆ ಸರಿಯಾಗಿ ತುಂಬಿಸುತ್ತಿದ್ದೆವು. ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿದ್ದರೆ ಕ್ಲೋರಿನ್ನಿನ ವಾಸನೆ ಪೂರ್ತಿ ಹೋಗುವವರೆಗೆ ಆ ನೀರು ಬೇಡ.

ಉಪ್ಪನ್ನು ಅಳೆಯಲು ಬೆಲೆಬಾಳುವ ಸಾಧನ ನಮ್ಮಲ್ಲಿರಲಿಲ್ಲ. ಹಾಲಿನ ಸೊಸೈಟಿಯಿಂದ ಲ್ಯಾಕ್ಟೋಮೀಟರ್ ಎರವಲು ತಂದು ತೇಲಿಬಿಟ್ಟೆವು. ಮೊದಲ ದಿನ ತೋರಿಸಿದ ಅಂಕವನ್ನು ಗೋಡೆಯಲ್ಲಿ ಬರೆದಿಟ್ಟು, ವಾರಕ್ಕೊಮ್ಮೆ ಹೋಲಿಸಿದೆವು. ಹಾಲಿಗೆ ಬೆರೆಸಿದ ನೀರನ್ನು ಹಿಡಿದುಕೊಡುವ ಕೋಲು ಸಿಗಡಿಗೂ ಉಪಕಾರ ಮಾಡಿತು.

ಆಹಾರದ ಹೊಣೆಯನ್ನು ಒಬ್ಬಳಿಗೇ ವಹಿಸಿದೆವು. ಸಂಜೆ ಒಂದೊಂದಕ್ಕೆ ಸಾಸಿವೆಯಷ್ಟು ಬೇಯಿಸಿದ ಮೀನು, ಉಳಿದದ್ದನ್ನು ಒಂದು ಗಂಟೆಯೊಳಗೆ ತೆಗೆಯುವುದು. ವಾರಕ್ಕೊಮ್ಮೆ 5 ಲೀಟರ್ ಹಳೆಯ ನೀರು ತೆಗೆದು ಅಳಿವೆಯ ಹೊಸ ನೀರು. ಕರೆಂಟು ಹೋದಾಗ ಪ್ಲಾಸ್ಟಿಕ್ ಮಗ್ಗಿನಲ್ಲಿ ನೀರೆತ್ತಿ ಎತ್ತರದಿಂದ ಹೊಯ್ಯುವುದು. ಮೇಲೆ ಸೊಳ್ಳೆಪರದೆಯ ತುಂಡು ಕಟ್ಟಿದ್ದು ಒಂದು ಸಿಗಡಿ ಹಾರಿ ನೆಲದಲ್ಲಿ ಒಣಗಿದ ಮೇಲೆ.

ಫೆಬ್ರವರಿಯ ಒಂದು ಬೆಳಿಗ್ಗೆ ತಳದಲ್ಲಿ ಇನ್ನೊಂದು ಹೆಣ ಕಂಡು ಎಲ್ಲರ ಮುಖ ಬಾಡಿತು. ಎತ್ತಿ ನೋಡಿದರೆ ಕಣ್ಣು, ಮೀಸೆ, ಕಾಲು ಎಲ್ಲ ಇದೆ, ಒಳಗೆ ಏನೂ ಇಲ್ಲ! ಸಿಗಡಿ ಬೆಳೆಯಬೇಕಾದರೆ ಹೊರಚಿಪ್ಪನ್ನು ಕಳಚಲೇಬೇಕು. ಎಣಿಸಿದರೆ ನಾಲ್ಕೂ ಇದ್ದವು, ಒಂದು ಮಾತ್ರ ಹಂಚಿನ ಚೂರಿನ ಅಡಿಯಲ್ಲಿ ಅಡಗಿತ್ತು. ಹೊಸ ಚಿಪ್ಪು ಗಟ್ಟಿಯಾಗುವ ತನಕ ಮೈ ಮೆತ್ತಗಿದ್ದು, ಉಳಿದವು ಅದನ್ನೇ ತಿಂದುಬಿಡಬಹುದು. ಅಡಗಲು ಜಾಗವಿಲ್ಲದ ತೊಟ್ಟಿಯಲ್ಲಿ ಪೊರೆ ಕಳಚಿದ ಸಿಗಡಿ ಉಳಿಯುವುದು ಕಷ್ಟ. ಬಿದ್ದ ಚಿಪ್ಪನ್ನು ಎಸೆಯದೆ ಬಿಟ್ಟೆವು. ಮರುದಿನಕ್ಕೆ ಅದರಲ್ಲಿ ಅರ್ಧವನ್ನು ಅವೇ ತಿಂದು ಮುಗಿಸಿದ್ದವು.

ಮಾರ್ಚಿ ಕೊನೆಗೆ ನಾಲ್ಕೂ ಬದುಕಿದ್ದವು. ರಜೆಯಲ್ಲಿ ನೋಡಿಕೊಳ್ಳುವವರಿಲ್ಲದ್ದರಿಂದ, ಪರೀಕ್ಷೆ ಮುಗಿದ ಸಂಜೆ ಬಾಲ್ದಿಯಲ್ಲಿ ಅವನ್ನು ಹಿಡಿದ ಜಾಗಕ್ಕೇ ಒಯ್ದೆವು. ಅಜ್ಜ ಉಬ್ಬರ ಏರುವುದನ್ನು ನೋಡುತ್ತಾ ಕುಳಿತಿದ್ದರು. ನಾವು ಲೋಟದಲ್ಲಿ ಹೊಳೆಯ ನೀರನ್ನು ಬಾಲ್ದಿಗೆ ಬೆರೆಸುತ್ತಾ ಕುಳಿತೆವು. “ಇನ್ನೂ ಎಷ್ಟು ಹೊತ್ತು ಮಕ್ಕಳೇ?” ಎಂದು ಅವರು ನಕ್ಕರು. ಕತ್ತಲಾಗುವ ಮೊದಲು ಬಾಲ್ದಿಯನ್ನು ಓರೆ ಮಾಡಿದೆವು.