ಪ್ರವೇಶ ಪರೀಕ್ಷೆ: ಎರಡನೆಯ ಯತ್ನದ ಲೆಕ್ಕಾಚಾರ

ಮಕ್ಕಳು ಹನ್ನೆರಡನೆಯ ತರಗತಿಗೆ ಬಂದೊಡನೆ ಘಣಸೋಲಿಯ ನಮ್ಮ ಕನ್ನಡ ಮನೆಗಳಲ್ಲಿ ಒಂದು ಪ್ರಶ್ನೆ ತಲೆದೋರುತ್ತದೆ. ಪ್ರವೇಶ ಪರೀಕ್ಷೆಯನ್ನು ಮತ್ತೊಮ್ಮೆ ಬರೆದರೆ ಹಿಂದಿನ ಅಂಕಗಳ ಗತಿಯೇನು? ಇದನ್ನು ಸರಿಯಾಗಿ ಅರಿಯದೆ ತಂದೆತಾಯಂದಿರು ಚಿಂತೆಗೊಳಗಾಗುತ್ತಾರೆ, ಮಕ್ಕಳು ನಿದ್ರೆಗೆಡುತ್ತಾರೆ.

ಇಲ್ಲಿ ಎರಡು ಸಂಗತಿಗಳನ್ನು ಬೇರ್ಪಡಿಸಿ ನೋಡಬೇಕು.

ಮೊದಲನೆಯದು, ಒಂದೇ ವರ್ಷದಲ್ಲಿ ಎರಡು ಬಾರಿ ಬರೆಯುವುದು. ಇಂಜಿನಿಯರಿಂಗ್ ಪ್ರವೇಶದ ಜೆಇಇ ಮೇನ್ ಪರೀಕ್ಷೆಯಲ್ಲಿ 2019ರಿಂದ ಈ ಅವಕಾಶವುಂಟು. ಎರಡು ಫಲಿತಾಂಶಗಳ ಪೈಕಿ ಉತ್ತಮವಾದುದನ್ನೇ ರ‍್ಯಾಂಕಿಗೆ ಪರಿಗಣಿಸುತ್ತಾರೆ, ಸರಾಸರಿ ತೆಗೆಯುವುದಿಲ್ಲ. ಮೊದಲ ಬಾರಿ 91 ಪರ್ಸೆಂಟೈಲ್, ಎರಡನೆಯ ಬಾರಿ 88 ಬಂದರೆ 91 ಉಳಿಯುತ್ತದೆ. ಆದುದರಿಂದ ಎರಡನೆಯ ಯತ್ನದಿಂದ ಅಂಕನಷ್ಟವಿಲ್ಲ. ಪರ್ಸೆಂಟೈಲ್ ಎಂದರೆ ಶೇಕಡಾವಾರು ಅಂಕವಲ್ಲವೆಂಬುದನ್ನೂ ನೆನಪಿಡಬೇಕು. ಅದೇ ಪಾಳಿಯಲ್ಲಿ ಬರೆದ ನೂರರಲ್ಲಿ ಎಷ್ಟು ಮಂದಿ ಅಭ್ಯರ್ಥಿಯಷ್ಟೇ ಅಥವಾ ಅವನಿಗಿಂತ ಕಡಿಮೆ ಅಂಕ ಗಳಿಸಿದರೆಂಬುದನ್ನು ಅದು ಸೂಚಿಸುತ್ತದೆ. ಪ್ರಶ್ನೆಪತ್ರಿಕೆ ಸುಲಭವಾಗಿದ್ದರೆ ಅಂಕ ಏರಿದರೂ ಪರ್ಸೆಂಟೈಲ್ ಇಳಿಯಬಹುದು.

ಎರಡನೆಯದು, ಒಂದು ವರ್ಷ ಬಿಟ್ಟು ಬರೆಯುವುದು. ಇದು ಬೇರೆಯೇ ವ್ಯವಹಾರ. ಜೆಇಇ ಮೇನ್ ಅಂಕ ಮರುವರ್ಷಕ್ಕೆ ಬಾರದು. ವೈದ್ಯಕೀಯ ಪ್ರವೇಶದ ನೀಟ್ ಅಂಕವೂ ಹಾಗೆಯೇ. ಐಐಟಿಗಳ ಜೆಇಇ ಅಡ್ವಾನ್ಸ್ಡ್ ಪರೀಕ್ಷೆಯನ್ನು ಸತತ ಎರಡು ವರ್ಷಗಳಲ್ಲಿ ಎರಡೇ ಬಾರಿ ಬರೆಯಬಹುದು. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ಹಳೆಯ ಶಿಲ್ಕು ಹೊಸ ಪುಸ್ತಕಕ್ಕೆ ವರ್ಗವಾಗುವುದಿಲ್ಲ.

ನಿಯಮ ಎಷ್ಟು ಮುಖ್ಯವೆಂಬುದಕ್ಕೆ ಕರ್ನಾಟಕವೇ ಸಾಕ್ಷಿ. ಅಲ್ಲಿ ಇಂಜಿನಿಯರಿಂಗ್ ರ‍್ಯಾಂಕಿಗೆ ಸಿಇಟಿ ಅಂಕಗಳೊಡನೆ ಪಿಯುಸಿ ಅಂಕಗಳೂ ಸೇರುತ್ತವೆ. 2021ರಲ್ಲಿ ಕೋವಿಡ್ ನಿಮಿತ್ತ ದ್ವಿತೀಯ ಪಿಯುಸಿ ವಿದ್ಯಾರ್ಥಿಗಳಿಗೆ ಪರೀಕ್ಷೆಯಿಲ್ಲದೆ ಅಂಕ ನೀಡಲಾಗಿತ್ತು. 2022ರಲ್ಲಿ ಸಿಇಟಿಯನ್ನು ಪುನಃ ಬರೆದ ಅವರ ಆ ಪಿಯುಸಿ ಅಂಕಗಳನ್ನು ಪರೀಕ್ಷಾ ಪ್ರಾಧಿಕಾರವು ಕೈಬಿಟ್ಟಿತು. ಪ್ರಕರಣ ಹೈಕೋರ್ಟಿನ ಮೆಟ್ಟಿಲೇರಿ, ಸೆಪ್ಟೆಂಬರಿನಲ್ಲಿ ಒಂದು ಹೊಂದಾಣಿಕೆಯ ಸೂತ್ರದ ಮೂಲಕ ಇತ್ಯರ್ಥವಾಯಿತು. ಅಷ್ಟರವರೆಗೆ ಸಾವಿರಾರು ಮಕ್ಕಳು ಕಾಲೇಜಿಲ್ಲದೆ ಕಾದರು.

ಅಮೆರಿಕದ ಅನೇಕ ಕಾಲೇಜುಗಳು ಸ್ಯಾಟ್ ಪರೀಕ್ಷೆಯ ಗಣಿತ ಮತ್ತು ಭಾಷಾ ವಿಭಾಗಗಳ ಉತ್ತಮ ಅಂಕಗಳನ್ನು ಬೇರೆ ಬೇರೆ ಯತ್ನಗಳಿಂದ ಆರಿಸಿ ಕೂಡಿಸುತ್ತವೆ; ಕೆಲವು ಎಲ್ಲ ಯತ್ನಗಳ ಅಂಕಗಳನ್ನೂ ಕೇಳುತ್ತವೆ. ಊರಿಗೊಂದು ರೀತಿ.

ಆದುದರಿಂದ ಪಾಲಕರು ನೆರೆಹೊರೆಯವರ ಮಾತನ್ನು ನೆಚ್ಚದೆ, ಆಯಾ ವರ್ಷದ ಮಾಹಿತಿ ಪುಸ್ತಿಕೆಯನ್ನು ಸ್ವತಃ ಓದಬೇಕು. ಅದೇ ವರ್ಷದ ಎರಡನೆಯ ಅವಕಾಶವನ್ನು ನಿರ್ಭಯವಾಗಿ ಬಳಸಿಕೊಳ್ಳಬಹುದು. ವರ್ಷವನ್ನೇ ಬಿಡುವುದಾದರೆ, ಕೈಯಲ್ಲಿರುವ ಸೀಟನ್ನು ತೂಗಿ ನೋಡಿ, ಮಗುವಿನ ಮನಸ್ಸನ್ನೂ ಆರೋಗ್ಯವನ್ನೂ ವಿಚಾರಿಸಿಯೇ ನಿರ್ಧರಿಸತಕ್ಕದ್ದು. ಕಳೆದುಹೋದ ಅಂಕವನ್ನು ಮತ್ತೆ ಗಳಿಸಬಹುದು. ಕುಗ್ಗಿದ ಮನಸ್ಸನ್ನು ಎತ್ತಿ ನಿಲ್ಲಿಸುವುದು ಸುಲಭವಲ್ಲ.