ಪೇಟೆಯಲ್ಲಿ ಸಿಗದ ಸಲಕರಣೆ ನೀವೇ ಮಾಡಿ

ಮೆಕ್ಕೆಜೋಳದ ಸುಗ್ಗಿ ಬಂತೆಂದರೆ ಕೊಟ್ಟೂರು, ಕೂಡ್ಲಿಗಿ, ಹರಪನಹಳ್ಳಿ ಸುತ್ತಿನ ರಸ್ತೆಗಳ ಅರ್ಧಭಾಗ ಕಣವಾಗುತ್ತದೆ. ಹರವಿದ ಕಾಳನ್ನು ಕಾಯುತ್ತ ಕೂರುವವರು ಹೆಚ್ಚಾಗಿ ಮನೆಯ ಹಿರಿಯರು. ಮಧ್ಯಾಹ್ನ ಮೋಡ ಕವಿದು ನಾಲ್ಕು ಹನಿ ಬಿದ್ದರೆ ಕಾಳು ಗುಡ್ಡೆ ಹಾಕಿ ತಾಡಪತ್ರಿ ಎಳೆಯುವ ಧಾವಂತ ಶುರು. ಗಾಳಿಯೂ ಬೀಸಿದರೆ ಒಬ್ಬರ ಕೈಗೆ ತಾಡಪತ್ರಿ ನಿಲ್ಲುವುದಿಲ್ಲ. ಅರವತ್ತು ದಾಟಿದವರೊಬ್ಬರೇ ಎರಡು ನಿಮಿಷದಲ್ಲಿ ಕಾಳು ಮುಚ್ಚಬಲ್ಲ ಅಗ್ಗದ ಸಲಕರಣೆಯನ್ನು ನಮ್ಮ ಎಪಿಎಂಸಿ ಸುತ್ತಿನ ಅಂಗಡಿಗಳಲ್ಲಿ ನಾನು ಕಂಡಿಲ್ಲ.

ಇಂಥ ನೂರು ಸಲಕರಣೆಗಳು ಇನ್ನೂ ಹುಟ್ಟಬೇಕಿವೆ. ಅವನ್ನು ಹುಟ್ಟಿಸಲು ಎಂಜಿನಿಯರಿಂಗ್ ಪದವಿ ಬೇಕಿಲ್ಲ ಎಂಬುದಕ್ಕೆ ಧಾರವಾಡ ಜಿಲ್ಲೆಯ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರೇ ಸಾಕ್ಷಿ. ಹುಡುಗನಾಗಿದ್ದಾಗ ಬೆಳಗ್ಗೆ ಬೇಗ ಏಳಲಾಗದೆ ಅವರು ಅಲಾರಂ ಗಡಿಯಾರದ ಕೀಲಿಗೆ ದಾರ ಕಟ್ಟಿ, ಕೀಲಿ ತಿರುಗಿದಾಗ ಬಾಟಲಿ ವಾಲಿ ಮುಖದ ಮೇಲೆ ನೀರು ಬೀಳುವಂತೆ ಮಾಡಿಕೊಂಡಿದ್ದರು. ಮುಂದೆ ಜಮೀನಿನಲ್ಲಿ ಹುಣಸೆ ಬೆಳೆಸಿ ‘ಹುಣಸೆ ಹುಚ್ಚ’ ಅನ್ನಿಸಿಕೊಂಡರು. ಹಣ್ಣು ಬಂದ ಮೇಲೆ ಬೀಜ ಬಿಡಿಸುವ ಕಷ್ಟ ಎದುರಾಯಿತು, ಅದಕ್ಕೊಂದು ಯಂತ್ರ ಮಾಡಿದರು. ಉಪ್ಪಿನಕಾಯಿಗೆ ಹುಣಸೆ ಹೆಚ್ಚಬೇಕಾದಾಗ ಅದಕ್ಕೊಂದು ಸಾಧನ ಬಂತು. ಬೀಜ, ಗೊಬ್ಬರ ಒಟ್ಟಿಗೆ ಬಿತ್ತುವ ಕೂರಿಗೆಯೂ ನೀರು ಕಾಯಿಸುವ ಬಾಯ್ಲರೂ ಅವರ ಕೈಯಿಂದಲೇ ಬಂದವು. 2022ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಒಂದು ಕೆಲಸ ಮುಗಿಸಿದಾಗ ಮುಂದೆ ಬಂದ ಕಷ್ಟವೇ ಅವರಿಗೆ ಹೊಸ ಯಂತ್ರ ತೋರಿಸಿಕೊಟ್ಟಿತು. ನಾವು ಕಲಿಯಬೇಕಾದ ದಾರಿ ಇದು: ಯಂತ್ರದ ಕನಸಿನಿಂದ ಹೊರಡಬೇಡಿ, ಮೈಕೈ ನೋವಿನಿಂದ ಹೊರಡಿ.

ಮೊದಲು ಕಷ್ಟದ ಪಟ್ಟಿ ಮಾಡಿ

ಒಂದು ನೋಟ್‌ಬುಕ್ ಹಿಡಿದು ಒಂದು ವಾರ ಸುತ್ತಾಡಿ. ಯಾರು ಬಗ್ಗಿ ಕೆಲಸ ಮಾಡುತ್ತಾರೆ, ಯಾವ ಕೆಲಸಕ್ಕೆ ಇನ್ನೊಬ್ಬರನ್ನು ಕೂಗುತ್ತಾರೆ, ಯಾವುದನ್ನು ದಿನವೂ ಚೆಲ್ಲುತ್ತಾರೆ ಎಂದು ಬರೆದುಕೊಳ್ಳಿ. ಈ ಮೂರನ್ನು ಹಿಡಿದರೆ ಸಾಕು, ಪುಟ ತುಂಬುತ್ತದೆ.

ನಮ್ಮ ಕಡೆಯ ಕೆಲವನ್ನು ಹೇಳುತ್ತೇನೆ. ಒಗ್ಗರಣೆ–ಮಿರ್ಚಿ ಹೋಟೆಲುಗಳಲ್ಲಿ ಬೆಳ್ಳಂಬೆಳಗ್ಗೆ ಮಂಡಕ್ಕಿಯನ್ನು ನೀರಿಗೆ ಹಾಕಿ ಹಿಂಡಿ ತೆಗೆಯುವುದು ಪೂರ್ತಿ ಕೈಕೆಲಸ. ಹೆಚ್ಚು ನೆನೆದರೆ ಮುದ್ದೆ, ಕಡಿಮೆ ನೆನೆದರೆ ಒರಟು. ತೂತಿನ ಬುಟ್ಟಿಯೊಂದನ್ನು ನೀರಿಗಿಳಿಸಿ, ಮೇಲೆತ್ತಿ, ಹಿಡಿಕೆ ಒತ್ತಿದರೆ ಅಗಲ ಮುಚ್ಚಳ ಹದವಾಗಿ ಹಿಂಡುವಂತೆ ಮಾಡಿದರೆ ಹೇಗೆ? ಹೂವಿನಹಡಗಲಿಯ ಮಲ್ಲಿಗೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ, ಆದರೆ ಮೊಗ್ಗು ದೂರದ ಪೇಟೆ ಸೇರುವ ಮೊದಲೇ ಬಿಸಿಲಿಗೆ ಅರಳಿದರೆ ದರ ಇಳಿಯುತ್ತದೆ. ನೀರು ಆವಿಯಾಗುವಾಗ ಸುತ್ತಲಿನ ಶಾಖ ಹೀರುತ್ತದೆ. ಗುಜರಾತಿನ ವಾಂಕಾನೇರ್‌ನ ಕುಂಬಾರ ಮನ್‌ಸುಖ್‌ಭಾಯಿ ಪ್ರಜಾಪತಿ ಇದೇ ತತ್ವದ ಮೇಲೆ ಕರೆಂಟ್ ಬೇಡದ ಮಣ್ಣಿನ ಫ್ರಿಜ್ ಮಾಡಿದರು. ಒದ್ದೆ ಗೋಣಿಯ ಹೊರಪದರ, ಗಾಳಿಯಾಡುವ ಒಳಬುಟ್ಟಿ ಇರುವ, ಬಸ್ಸಿಗೆ ಹಾಕಬಲ್ಲ ಹಗುರ ಪೆಟ್ಟಿಗೆಯನ್ನು ಹಡಗಲಿಯ ಯಾರಾದರೂ ಮಾಡಿ ನೋಡಬೇಕು. ಇನ್ನೊಂದು ತುರ್ತಿನದು: ಕೊಟ್ಟೂರಿನ ಗುರು ಕೊಟ್ಟೂರೇಶ್ವರರ ರಥೋತ್ಸವಕ್ಕೆ ದಾವಣಗೆರೆ ಕಡೆಯಿಂದ ರಾತ್ರಿಯೂ ನಡೆದು ಬರುವ ಪಾದಯಾತ್ರಿಗಳ ಬೆನ್ನು ಲಾರಿ ಚಾಲಕರಿಗೆ ಕಾಣಬೇಕು. ಹೆಗಲ ಟವೆಲ್ಲಿನ ಅಂಚಿಗೇ ಬೆಳಕು ಪ್ರತಿಫಲಿಸುವ ಪಟ್ಟಿ ಹೊಲಿದು ಮಾರಿದರೆ ಜನ ಬೇರೆ ಜಾಕೆಟ್ ಹಾಕಿಕೊಳ್ಳುವ ಪ್ರಮೇಯವೇ ಇಲ್ಲ.

ಕಷ್ಟವನ್ನು ಒಂದೇ ವಾಕ್ಯದಲ್ಲಿ ಬರೆಯಿರಿ

ವಾಕ್ಯದಲ್ಲಿ ಸಲಕರಣೆಯ ಹೆಸರು ಬರಬಾರದು. ‘ತಾಡಪತ್ರಿ ಎಳೆಯುವ ಮೋಟರ್ ಬೇಕು’ ಎಂದು ಬರೆದರೆ ಯೋಚನೆ ಮೋಟರಿಗೆ ಅಂಟಿಕೊಳ್ಳುತ್ತದೆ. ‘ಗಾಳಿಯಲ್ಲೂ ಒಬ್ಬರೇ ಎರಡು ನಿಮಿಷದಲ್ಲಿ ಕಾಳು ಮುಚ್ಚಬೇಕು, ಕೆಳಗಿನಿಂದ ನೀರು ನುಗ್ಗಬಾರದು’ ಎಂದು ಬರೆದರೆ ಹತ್ತು ದಾರಿ ಕಾಣುತ್ತವೆ. ಅಳತೆಯನ್ನೂ ಜೊತೆಗೇ ಬರೆಯಿರಿ. ಚದರ ಮೀಟರಿಗೆ 250 ಗ್ರಾಂ ತೂಗುವ 6 × 8 ಮೀಟರ್ ತಾಡಪತ್ರಿ ಅಂದರೆ 12 ಕೆಜಿ, ಒದ್ದೆಯಾದರೆ ಇನ್ನೂ ಹೆಚ್ಚು. ಮೆಕ್ಕೆಜೋಳದ ತೇವಾಂಶ ಶೇಕಡ 14ಕ್ಕಿಂತ ಹೆಚ್ಚಿದ್ದರೆ ಖರೀದಿಯಲ್ಲಿ ತಕರಾರು, ಮತ್ತೆ ನೆನೆದರೆ ಬೂಷ್ಟು. ಈ ಅಂಕಿಗಳೇ ನಿಮ್ಮ ಸಲಕರಣೆಯ ಪರೀಕ್ಷೆ.

ಈಗಾಗಲೇ ಇದೆಯೇ ನೋಡಿ

ದಾವಣಗೆರೆ, ಹುಬ್ಬಳ್ಳಿಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಕೇಳಿ. ಮೊಬೈಲಿನಲ್ಲಿ ಆನ್‌ಲೈನ್ ಮಾರಾಟದ ತಾಣಗಳನ್ನು ಹುಡುಕಿ. ಭಾರತೀಯ ಪೇಟೆಂಟ್ ಕಚೇರಿಯ ಜಾಲತಾಣದಲ್ಲಿ ಪೇಟೆಂಟ್ ಅರ್ಜಿಗಳ ಹುಡುಕಾಟ ಉಚಿತ, ಆದರೆ ಅದು ಇಂಗ್ಲಿಷಿನಲ್ಲಿದೆ, ಕಾಲೇಜಿಗೆ ಹೋಗುವ ಮಕ್ಕಳ ನೆರವು ಪಡೆಯಿರಿ. ಸಿಕ್ಕಿತೆಂದು ಬೇಸರ ಬೇಡ. ಇದ್ದದ್ದು ಯಾಕೆ ನಮ್ಮೂರಿಗೆ ಬಂದಿಲ್ಲ, ದರ ಹೆಚ್ಚೋ, ನಮ್ಮ ಮಣ್ಣಿಗೆ ಒಗ್ಗದೋ ಎಂಬ ಪ್ರಶ್ನೆಯಲ್ಲಿ ಹೊಸ ದಾರಿ ಸಿಗಬಹುದು. ಅಡಿಕೆ ಮರ ಹತ್ತುವ ಸಾಧನಗಳು ಮೊದಲೂ ಇದ್ದವು. ಬಂಟ್ವಾಳ ತಾಲ್ಲೂಕಿನ ಗಣಪತಿ ಭಟ್ ಅವರು ಎಂಜಿನ್ ಕೂರಿಸಿ, ಕೂತುಕೊಂಡೇ ಮರ ಏರುವ ಬೈಕ್ ಮಾಡಿದ್ದು ಹೊಸತಾಯಿತು.

ಅಗ್ಗದ ಮಾದರಿ, ಮೊದಲು ಚಿಕ್ಕದು

ಇಲ್ಲಿ ಆತುರ ಬೇಡ. ತಾಡಪತ್ರಿಯನ್ನೇ ತೆಗೆದುಕೊಳ್ಳಿ. ಹಳೇ ಕೊಡೆಯ ಬಟ್ಟೆಯನ್ನು ಹತ್ತನೇ ಒಂದು ಅಳತೆಗೆ ಕತ್ತರಿಸಿ, ಒಂದು ಅಂಚನ್ನು ಪಿವಿಸಿ ಪೈಪಿಗೆ ಸುತ್ತಿ, ಎದುರು ಅಂಚಿಗೆ ಸರಳು ತೂರಿಸಿ ಎರಡು ಹಗ್ಗ ಕಟ್ಟಿ. ಹಗ್ಗ ಎಳೆದರೆ ಸುರುಳಿ ಬಿಚ್ಚುತ್ತ ಬರುತ್ತದೆ, ಸರಳಿನ ಭಾರ ಅಂಚನ್ನು ಕೆಳಗೆ ಹಿಡಿಯುತ್ತದೆ. ಟೇಬಲ್ ಫ್ಯಾನ್ ಗಾಳಿಗೆ ಹಿಡಿದು, ಚೆಂಬಿನಿಂದ ನೀರು ಸುರಿದು ನೋಡಿ. ಆಗ ತೊಂದರೆಗಳು ಹೊರಬೀಳುತ್ತವೆ: ಪಕ್ಕದ ಅಂಚು ಏಳುತ್ತದೆ, ನೀರು ಹರಿದು ಕೆಳಗೆ ನುಗ್ಗುತ್ತದೆ. ಪಕ್ಕದ ಅಂಚಿಗೆ ಉಸುಕು ತುಂಬಿದ ಬಟ್ಟೆಯ ಕೊಳವೆ ಹೊಲಿದರೆ ಗಾಳಿಗೆ ಏಳುವುದಿಲ್ಲ, ಆದರೆ ಸುರುಳಿ ದಪ್ಪವಾಗುತ್ತದೆ. ಬದಲಿಗೆ ಅಂಚಿನಲ್ಲಿ ಕೊಕ್ಕೆ, ನೆಲದಲ್ಲಿ ಬಳೆ ಇಟ್ಟರೆ? ನಾಲ್ಕು ಬೆರಳೆತ್ತರದ ಒಡ್ಡಿನ ಮೇಲೆ ಹಾಸು ಹಾಕಿದರೆ ನೀರು ನಿಲ್ಲುತ್ತದೆಯೇ? ಒಂದೊಂದನ್ನೇ ಬದಲಿಸಿ ನೋಡಿ, ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಯಾಯಿತೋ ತಿಳಿಯದು. ಪ್ರತಿ ಸಲವೂ ದಿನಾಂಕ ಹಾಕಿ ಚಿತ್ರ ಬರೆದಿಡಿ.

ಚಿಕ್ಕ ಮಾದರಿ ಗಾಳಿ, ತೂಕದ ವಿಷಯದಲ್ಲಿ ಪೂರ್ತಿ ನಿಜ ಹೇಳುವುದಿಲ್ಲ, ಹಾಗಾಗಿ ಕೊನೆಗೆ ನಿಜವಾದ ಅಳತೆಯ ಒಂದನ್ನು ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಲೇಬೇಕು. ಇನ್ನೊಂದು ಮಾತು: ರಸ್ತೆಯಲ್ಲಿ ಕಾಳು ಹರವುವುದು ಬೈಕಿನವರ ಜೀವಕ್ಕೆ ಅಪಾಯ. ಸಲಕರಣೆ ಹೊಲದ ಕಣಕ್ಕೂ ಮನೆಯ ಮಾಳಿಗೆಗೂ ಹೊಂದುವಂತಿರಲಿ.

ಬಳಸುವವರ ಕೈಗೆ ಕೊಡಿ

ನಂಬಿಕೆಯ ನೆರೆಮನೆಯ ಅಜ್ಜನಿಗೋ ಅವ್ವನಿಗೋ ಕೊಟ್ಟು ದೂರ ನಿಲ್ಲಿ. ‘ಹೀಗೆ ಹಿಡೀರಿ’ ಎಂದು ಹೇಳಿಕೊಡಬೇಡಿ. ಎಲ್ಲಿ ತಡವರಿಸುತ್ತಾರೋ ಅಲ್ಲಿ ಸಲಕರಣೆ ತಿದ್ದಬೇಕು. ಮೊದಲಿನ ರೀತಿಗೆ ಎಷ್ಟು ನಿಮಿಷ, ಹೊಸ ರೀತಿಗೆ ಎಷ್ಟು ನಿಮಿಷ ಎಂದು ಬರೆದಿಡಿ. ಮರುದಿನ ಕೇಳದೆಯೇ ಬಳಸಿದರೆ ಅದು ಗೆದ್ದಿತು.

ಪೇಟೆಂಟ್ ಬೇಕಿದ್ದರೆ ವಿಡಿಯೊ ಹಾಕುವ ಮೊದಲೇ

ಈ ಮಾತನ್ನು ಒತ್ತಿ ಹೇಳುತ್ತೇನೆ. ಅರ್ಜಿ ಹಾಕುವ ಮೊದಲೇ ಸಲಕರಣೆಯನ್ನು ವಿಡಿಯೊ ಮಾಡಿ ಹಂಚಿದರೆ, ಸಂತೆಯಲ್ಲಿ ಮಾರಿದರೆ ಅದು ‘ಹೊಸತು’ ಎಂಬ ಹಕ್ಕು ಕೈತಪ್ಪಬಹುದು. ಪರೀಕ್ಷೆಗೆ ಕೊಟ್ಟವರಿಗೂ ಗುಟ್ಟಾಗಿಡಲು ಹೇಳಿ, ಬರೆಸಿಕೊಳ್ಳಿ. ಮೊದಲು ತಾತ್ಕಾಲಿಕ ವಿವರಣೆ ಸಲ್ಲಿಸಿದರೆ ಪೂರ್ಣ ವಿವರಣೆಗೆ 12 ತಿಂಗಳ ಕಾಲಾವಕಾಶ ಸಿಗುತ್ತದೆ. ವ್ಯಕ್ತಿಯೊಬ್ಬರು ಆನ್‌ಲೈನ್‌ನಲ್ಲಿ ಸಲ್ಲಿಸುವ ಅರ್ಜಿಯ ಮೂಲ ಶುಲ್ಕ 1,600 ರೂಪಾಯಿ. ಪರಿಶೀಲನೆಯ ಶುಲ್ಕ, ಏಜೆಂಟರ ಫೀಸು ಬೇರೆ. ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಗೆ ಸೇರುತ್ತವೆ. ಪೇಟೆಂಟ್ ಅವಧಿ 20 ವರ್ಷ. 1970ರ ಪೇಟೆಂಟ್ ಕಾಯ್ದೆಯಂತೆ ಕೃಷಿ ವಿಧಾನಕ್ಕೆ ಪೇಟೆಂಟ್ ಇಲ್ಲ, ಹೊಸ ಉಪಕರಣಕ್ಕೆ ಸಿಗಬಹುದು. ಎಲ್ಲರೂ ಮಾಡಿಕೊಳ್ಳಲಿ ಎನ್ನುವವರು ಹಾಗೇ ಹಂಚಿದರೂ ಸರಿಯೇ, ಟವೆಲ್ಲಿನ ಪಟ್ಟಿಯಂಥದ್ದಕ್ಕೆ ಅದೇ ವಾಸಿ.

ಗಾಂಧಿನಗರದಲ್ಲಿರುವ ರಾಷ್ಟ್ರೀಯ ನಾವೀನ್ಯ ಪ್ರತಿಷ್ಠಾನ 2000ದಿಂದ ಹಳ್ಳಿಯ ಶೋಧಕರಿಗಾಗಿಯೇ ಕೆಲಸ ಮಾಡುತ್ತಿದೆ. ನಡಕಟ್ಟಿನ ಅವರಿಗೆ 2015ರಲ್ಲಿ ಜೀವಮಾನ ಸಾಧನೆಯ ಪ್ರಶಸ್ತಿ ಕೊಟ್ಟದ್ದು ಇದೇ ಸಂಸ್ಥೆ. ಅದಕ್ಕೆ ಕನ್ನಡದಲ್ಲೇ ಬರೆದು ಕಳಿಸಬಹುದು. ಪತ್ರದಲ್ಲಿ ಕಷ್ಟದ ಆ ಒಂದು ವಾಕ್ಯ, ಕೈಯಿಂದ ಬರೆದ ಚಿತ್ರ, ಮಾದರಿಯ ಫೋಟೊ, ತಗುಲಿದ ಖರ್ಚು, ಬಳಸಿದವರು ಹೇಳಿದ್ದು ಇವಿಷ್ಟು ಇರಲಿ. ಮಕ್ಕಳ ಯೋಚನೆಯಾದರೆ ಶಾಲೆಯ ವಿಜ್ಞಾನ ಶಿಕ್ಷಕರನ್ನು ಕಂಡು ‘ಇನ್‌ಸ್ಪೈರ್ ಮಾನಕ್’ ಯೋಜನೆಗೆ ಹೆಸರು ಕಳಿಸಲು ಕೇಳಿ. ಆಯ್ಕೆಯಾದವರಿಗೆ ಮಾದರಿ ಮಾಡಲು 10,000 ರೂಪಾಯಿ ಬರುತ್ತದೆ.